ಅನ್ಯೂರಿಸಂ ಒಡೆದ ರೋಗಿಗೆ ಆಪರೇಷನ್‌ವರೆಗಿನ ಔಷಧಿಗಳು: ಹೊಸ ನರ್ಸುಗಳಿಗೆ

ಮಿದುಳಿನ ರಕ್ತನಾಳದ ಗೋಡೆ ಬಲೂನಿನಂತೆ ಉಬ್ಬಿದ ಭಾಗವೇ ಅನ್ಯೂರಿಸಂ. ಒಡೆದ ಅನ್ಯೂರಿಸಂ ಮತ್ತೆ ರಕ್ತ ಸುರಿಸುವ ಅಪಾಯ ಮೊದಲ 24 ಗಂಟೆಗಳಲ್ಲೇ ಹೆಚ್ಚು, ಅದರಲ್ಲೂ ಮೊದಲ 6 ಗಂಟೆಗಳಲ್ಲಿ. ಅದರ ಬುಡಕ್ಕೆ ಕ್ಲಿಪ್ ಹಾಕಿ ಅಥವಾ ಒಳಗೆ ಕಾಯಿಲ್ (ತೆಳು ತಂತಿಯ ಸುರುಳಿ) ತುಂಬಿ ಮುಚ್ಚುವತನಕ ಆ ಎರಡನೇ ಸ್ರಾವವೇ ನಮ್ಮ ದೊಡ್ಡ ಭಯ.

ರೋಗಿ ಬಂದ ಕೂಡಲೇ ರಕ್ತ ತೆಳುವಾಗಿಸುವ ಮಾತ್ರೆಗಳ ಬಗ್ಗೆ ಮನೆಯವರನ್ನು ವಿಚಾರಿಸಿ. ಬಾಯಿಮಾತನ್ನು ನಂಬಬೇಡಿ, ಮಾತ್ರೆಯ ಚೀಲವನ್ನೇ ತೋರಿಸಲು ಹೇಳಿ. "ಏನೂ ಇಲ್ಲ" ಎಂದವರ ಚೀಲದಿಂದಲೇ ವಾರ್ಫರಿನ್ ಹೊರಬಂದದ್ದನ್ನು ನಾನು ನೋಡಿದ್ದೇನೆ. ಅದರ ಪರಿಣಾಮವನ್ನು ತಿರುಗಿಸಲು ವೈದ್ಯರು ತಡಮಾಡುವಂತಿಲ್ಲ.

ರಕ್ತದೊತ್ತಡದ ಮೇಲಿನ ಅಂಕಿಯನ್ನು ಸಾಮಾನ್ಯವಾಗಿ 160ರ ಕೆಳಗಿಡಲು ಹೇಳುತ್ತಾರೆ. ಆದರೆ ಧಡಕ್ಕನೆ ಇಳಿಸಿದರೆ ಮಿದುಳಿಗೇ ರಕ್ತ ಸಾಲದು. ಮೊದಲು ತಲೆನೋವನ್ನು ತಗ್ಗಿಸಿ. ಎಷ್ಟೋ ಸಲ ಒತ್ತಡವೂ ಅದರೊಂದಿಗೇ ಇಳಿಯುತ್ತದೆ. ಪ್ಯಾರಾಸಿಟಮಾಲ್ ಆಗಬಹುದು, ಆಸ್ಪಿರಿನ್ ಮತ್ತು ಐಬುಪ್ರೊಫೆನ್ ಬೇಡ. ಮಲವಿಸರ್ಜನೆಗೆ ರೋಗಿ ತಿಣುಕಬಾರದು, ಹಾಗಾಗಿ ಮಲ ಸಡಿಲಿಸುವ ಔಷಧಿ ಬರೆದಿದೆಯೇ ಎಂದೂ ನೋಡಿ.

ಇನ್ನು ನಿಮೋಡಿಪಿನ್. 60 ಮಿಲಿಗ್ರಾಂ, ನಾಲ್ಕು ಗಂಟೆಗೊಮ್ಮೆ, 21 ದಿನ. ರೋಗಿ ಗಾಢ ನಿದ್ದೆಯಲ್ಲಿದ್ದರೂ ಎಬ್ಬಿಸಿ ಕೊಡಿ. ಇದು ರಕ್ತಸ್ರಾವವನ್ನು ನಿಲ್ಲಿಸುವುದಿಲ್ಲ. ಮುಂದಿನ ದಿನಗಳಲ್ಲಿ ರಕ್ತ ಸಾಲದೆ ಮಿದುಳಿಗೆ ಆಗುವ ಹಾನಿಯನ್ನು ಕಡಿಮೆ ಮಾಡುತ್ತದೆ. ಒತ್ತಡ ತೀರಾ ಕುಸಿದರೆ ನೀವಾಗಿಯೇ ನಿಲ್ಲಿಸಬೇಡಿ. ಎರಡು ಗಂಟೆಗೊಮ್ಮೆ 30 ಮಿಲಿಗ್ರಾಂ ಆಗಿ ಒಡೆಯಬಹುದೇ ಎಂದು ವೈದ್ಯರನ್ನು ಕೇಳಿ.

ನುಂಗಲಾಗದವರಿಗೆ ಕ್ಯಾಪ್ಸೂಲಿನೊಳಗಿನ ದ್ರವವನ್ನು ಸಿರಿಂಜಿಗೆ ಎಳೆದು ಮೂಗಿನ ನಳಿಕೆಯಲ್ಲಿ ಕೊಡುವುದುಂಟು. ಒಂದು ರಾತ್ರಿ ಹಾಗೆ ಎಳೆದ ಸಿರಿಂಜನ್ನು ಹೆಸರು ಬರೆಯದೆ ಟ್ರೇಯಲ್ಲಿಟ್ಟು ಫೋನಿಗೆ ಓಡಿದ್ದೆ. ತಿರುಗಿ ಬಂದಾಗ ಸಹೋದ್ಯೋಗಿ ಅದನ್ನು ರಕ್ತನಾಳದ ಲೈನಿನ ಪಕ್ಕ ಹಿಡಿದು ನಿಂತಿದ್ದಳು. ಆ ದ್ರವ ರಕ್ತನಾಳಕ್ಕೆ ಹೋದರೆ ಹೃದಯವೇ ನಿಲ್ಲಬಹುದು. ಅಂದಿನಿಂದ ಲೈನಿಗೆ ಕೂರದ, ಬಾಯಿಗೆಂದೇ ಇರುವ ಸಿರಿಂಜನ್ನೇ ಬಳಸುತ್ತೇನೆ. ಅದರ ಮೇಲೆ "ರಕ್ತನಾಳಕ್ಕೆ ಅಲ್ಲ" ಎಂದು ಬರೆಯುವವರೆಗೆ ಕೈಯಿಂದ ಕೆಳಗಿಡುವುದಿಲ್ಲ.

ಟ್ರಾನೆಕ್ಸಾಮಿಕ್ ಆಮ್ಲ ಯಾಕಿಲ್ಲ ಎಂದು ಹೊಸಬರೆಲ್ಲ ಕೇಳುತ್ತಾರೆ. ಹೆಪ್ಪು ಕರಗದಂತೆ ತಡೆಯುವ ಮದ್ದು, ಕೇಳುವುದು ನ್ಯಾಯವೇ. ನೆದರ್ಲೆಂಡ್ಸ್‌ನಲ್ಲಿ 955 ಜನರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಲ್ಟ್ರಾ ಅಧ್ಯಯನದಲ್ಲಿ, ಅದನ್ನು ಬೇಗನೆ ಕೊಟ್ಟರೂ ಆರು ತಿಂಗಳ ನಂತರದ ಚೇತರಿಕೆ ಉತ್ತಮವಾಗಲಿಲ್ಲ. ಹಾಗಾಗಿ ಎಲ್ಲರಿಗೂ ಕೊಡುವ ರೂಢಿಯಿಲ್ಲ.

ಆಪರೇಷನ್‌ಗೆ ಕಳಿಸುವಾಗ ಕೊನೆಯ ನಿಮೋಡಿಪಿನ್ ಕೊಟ್ಟ ಸಮಯವನ್ನು ಚಾರ್ಟಿನಲ್ಲಿ ಬರೆಯಿರಿ, ಅರಿವಳಿಕೆ ತಜ್ಞರಿಗೆ ಬಾಯಲ್ಲೂ ಹೇಳಿ.