ಚಿನ್ನದ ನ್ಯಾನೊಕಡ್ಡಿ: ಬೀಜದಲ್ಲೇ ಎಡವಬೇಡಿ

ಚಿನ್ನದ ಅತಿ ಸಣ್ಣ ಕಡ್ಡಿಗೆಂದು ಕಾದು ಕೊನೆಗೆ ಉಂಡೆಗಳೇ ಸಿಕ್ಕಿದರೆ, ಮೊದಲು ಬೀಜ ದ್ರಾವಣವನ್ನೇ (ಕಡ್ಡಿ ಬೆಳೆಯಲು ಬುನಾದಿಯಾಗುವ ಪುಟ್ಟ ಚಿನ್ನದ ಕಣಗಳನ್ನು) ಅನುಮಾನಿಸಿ.

ಗಾಜಿನ ಪಾತ್ರೆಗಳನ್ನು ಫ್ಯೂಮ್ ಹುಡ್‌ನಲ್ಲಿ (ಹೊಗೆ ಹೀರುವ ಗೂಡು) ಆಕ್ವಾ ರೀಜಿಯಾದಿಂದ (ಚಿನ್ನವನ್ನೂ ಕರಗಿಸುವ ಆಮ್ಲಮಿಶ್ರಣ) ತೊಳೆದು, ಶುದ್ಧ ನೀರಿನಲ್ಲಿ ಚೆನ್ನಾಗಿ ಜಾಲಾಡಿ. 0.1 ಮೋಲಾರ್ ಸಿಟಿಎಬಿ (ಕಣಗಳಿಗೆ ಕವಚವಾಗುವ ಸಾಬೂನಿನಂಥ ರಾಸಾಯನಿಕ) ದ್ರಾವಣವನ್ನು 27ರಿಂದ 30 ಡಿಗ್ರಿಯಲ್ಲೇ ಇಡಿ; 25ಕ್ಕಿಂತ ತಣ್ಣಗಾದರೆ ಹರಳುಗಟ್ಟುತ್ತದೆ.

ಬೀಜ: 9.75 ಮಿ.ಲೀ. ಸಿಟಿಎಬಿಗೆ 0.01 ಮೋಲಾರ್ ಕ್ಲೋರೋಆರಿಕ್ ಆಮ್ಲ (ಚಿನ್ನದ ದ್ರಾವಣ) 0.25 ಮಿ.ಲೀ. ಬೆರೆಸಿ. ಜೋರಾಗಿ ತಿರುಗುತ್ತಿರುವಾಗಲೇ 0.01 ಮೋಲಾರ್ ಸೋಡಿಯಂ ಬೋರೋಹೈಡ್ರೈಡ್ 0.6 ಮಿ.ಲೀ. ಒಂದೇ ಸಲಕ್ಕೆ ಸುರಿಯಿರಿ. ಹನಿಹನಿಯಾಗಿ ಹಾಕಿದರೆ ಕಣಗಳು ಬೇರೆಬೇರೆ ಹೊತ್ತಿಗೆ ಹುಟ್ಟಿ, ಗಾತ್ರ ಏರುಪೇರಾಗುತ್ತದೆ. ಬೋರೋಹೈಡ್ರೈಡನ್ನು ಮಂಜಿನಷ್ಟು ತಣ್ಣನೆಯ ನೀರಿನಲ್ಲಿ ಆಗಷ್ಟೇ ಕರಗಿಸಿರಬೇಕು. ನೀರಿನೊಡನೆ ವರ್ತಿಸಿ ಹೈಡ್ರೋಜನ್ ಬಿಡುತ್ತ ಅದು ಸತ್ವ ಕಳೆದುಕೊಳ್ಳುತ್ತದೆ. ಬೆಳಿಗ್ಗೆಯದನ್ನು ಮಧ್ಯಾಹ್ನ ಬಳಸುವ ಉಳಿತಾಯ ಖಂಡಿತ ಬೇಡ. ಎರಡು ನಿಮಿಷ ಕಲಕಿ. ಬಣ್ಣ ಕಂದು ಹಳದಿಯಾಗಿರಬೇಕು. ಕೆಂಪಿಗೆ ತಿರುಗಿದರೆ ಬೀಜಕಣಗಳು ದೊಡ್ಡದಾಗಿವೆ, ಚೆಲ್ಲಿ ಹೊಸದು ಮಾಡಿ. ಮುಚ್ಚಳ ಸಡಿಲವಾಗಿಟ್ಟು ಅರ್ಧ ಗಂಟೆ ಬಿಡಿ. ಉಳಿದ ಬೋರೋಹೈಡ್ರೈಡ್ ಅಷ್ಟರಲ್ಲಿ ಕೊಳೆಯದಿದ್ದರೆ, ಮುಂದಿನ ಪಾತ್ರೆಯಲ್ಲಿ ಬೇಡದ ಹೊಸ ಕಣಗಳನ್ನು ಹುಟ್ಟಿಸುತ್ತದೆ. ಎರಡು ಗಂಟೆಯೊಳಗೆ ಬಳಸಿಬಿಡಿ.

ಬೆಳವಣಿಗೆ: 10 ಮಿ.ಲೀ. ಸಿಟಿಎಬಿ, ಅದೇ ಚಿನ್ನದ ದ್ರಾವಣ 0.5 ಮಿ.ಲೀ., 0.01 ಮೋಲಾರ್ ಸಿಲ್ವರ್ ನೈಟ್ರೇಟ್ 0.1 ಮಿ.ಲೀ., 1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ 0.2 ಮಿ.ಲೀ.; ಕೊನೆಗೆ 0.1 ಮೋಲಾರ್ ಆಸ್ಕಾರ್ಬಿಕ್ ಆಮ್ಲ 0.08 ಮಿ.ಲೀ. ಕಿತ್ತಳೆ ಬಣ್ಣ ಪೂರ್ತಿ ಹೋಗಬೇಕು. ಹೋಗದಿದ್ದರೆ ಆಸ್ಕಾರ್ಬಿಕ್ ಹಳೆಯದು ಅಥವಾ ಕಡಿಮೆಯಾಗಿದೆ. ಆಸ್ಕಾರ್ಬಿಕ್ ಚಿನ್ನದ ಅಯಾನನ್ನು ಲೋಹದತ್ತ ಅರ್ಧದಾರಿಯವರೆಗೆ ಮಾತ್ರ ಅಪಕರ್ಷಿಸುತ್ತದೆ (ಎಲೆಕ್ಟ್ರಾನ್ ಕೊಡುತ್ತದೆ). ಲೋಹವಾಗುವ ಕೊನೆಯ ಹಂತ ನಡೆಯುವುದು ಬೀಜದ ಮೈಮೇಲೆ. ಬೀಜ ಹಾಕುವ ಮೊದಲೇ ಬಣ್ಣ ಬಂದರೆ ಪಾತ್ರೆ ಕೊಳಕಾಗಿತ್ತು ಎಂದುಕೊಳ್ಳಿ.

24 ಮೈಕ್ರೋಲೀಟರ್ ಬೀಜ ಹಾಕಿ, ಹತ್ತು ಸೆಕೆಂಡು ಅಲುಗಾಡಿಸಿ, ರಾತ್ರಿಯಿಡೀ ಮುಟ್ಟಬೇಡಿ. ಬೆಳ್ಳಿಯು ಚಿನ್ನದ ಹರಳಿನ ಪಕ್ಕಗಳ ಮೇಲೆ ತೆಳುವಾಗಿ ಕೂತು ಅಲ್ಲಿನ ಬೆಳವಣಿಗೆಯನ್ನು ತಡೆಯುತ್ತದೆ. ಚಿನ್ನ ತುದಿಗಳತ್ತ ಸೇರಿ ಕಡ್ಡಿ ಉದ್ದವಾಗುತ್ತದೆ.

ಇಷ್ಟಾದರೂ ಉಂಡೆಯೇ? ಸಿಟಿಎಬಿ ಬಾಟಲಿ ಬದಲಿಸಿ. ಹತ್ತು ಲಕ್ಷದಲ್ಲಿ ಕೆಲವೇ ಪಾಲು ಅಯೊಡೈಡ್ ಬೆರೆತಿದ್ದರೂ ಕಡ್ಡಿ ಬರುವುದಿಲ್ಲ. ಒಳ್ಳೆಯ ಫಲ ಕೊಟ್ಟ ಬಾಟಲಿಯ ಬ್ಯಾಚ್ ಸಂಖ್ಯೆಯನ್ನು ಬರೆದಿಡಿ. ಬೆಳಕು ಹೀರುವಿಕೆಯ ರೋಹಿತದಲ್ಲಿ 520 ನ್ಯಾನೊಮೀಟರ್ ಸುಮಾರಿನ ಶಿಖರದ ಜೊತೆಗೆ 700ರ ಆಚೆ ದೊಡ್ಡ ಶಿಖರ ಕಂಡರೆ ಕಡ್ಡಿ ಬಂದಿದೆ.

ಸೆಂಟ್ರಿಫ್ಯೂಜಿನಲ್ಲಿ ಎರಡೇ ಸಲ ತೊಳೆಯಿರಿ. ಹೆಚ್ಚು ತೊಳೆದರೆ ಸಿಟಿಎಬಿ ಕವಚ ಕಳಚಿ ಕಡ್ಡಿಗಳು ಗಂಟುಕಟ್ಟುತ್ತವೆ. ಇನ್ನಷ್ಟು ಉದ್ದವಾಗಲೆಂದು ಸಿಟಿಎಬಿಯಲ್ಲಿರುವ ಕಡ್ಡಿಗೆ ಬರೀ ಚಿನ್ನದ ದ್ರಾವಣ ಸುರಿಯಬೇಡಿ: ಆಸ್ಕಾರ್ಬಿಕ್ ಇಲ್ಲದಿದ್ದರೆ ಅದು ತುದಿಗಳನ್ನೇ ಕರಗಿಸಿ ಕಡ್ಡಿಯನ್ನು ಮೊಟಕು ಮಾಡುತ್ತದೆ.