ಅಂಗಳದ ಹೂಕುಂಡಗಳು ಲಿನೋ ಅಚ್ಚಿನಲ್ಲಿ

ಕಾಸರಗೋಡಿನ ಮನೆಯಂಗಳದ ಕ್ರೋಟನ್, ಕೆಸು, ದಾಸವಾಳದ ಕುಂಡಗಳು ಲಿನೋ ಅಚ್ಚಿಗೆ (ಲಿನೋಲಿಯಂ ಹಾಳೆಯನ್ನು ಕೆತ್ತಿ, ಶಾಯಿ ಹಚ್ಚಿ, ಕಾಗದಕ್ಕೆ ಒತ್ತುವ ಕಲೆ) ಹೇಳಿ ಮಾಡಿಸಿದಂಥವು: ಎಲೆ ಅಗಲ, ನರ ಸ್ಪಷ್ಟ. 3 ಮಿ.ಮೀ. ದಪ್ಪದ, ಎ4 ಅಳತೆಯ ಹಾಳೆ ಸಾಕು. ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಇಳಿಸಿ. ಮರೆತರೆ ಎಡಗಡೆಯ ತುಳಸಿಕಟ್ಟೆ ಬಲಕ್ಕೆ ಬಂದೀತು.

ಹಾಳೆಯನ್ನು 10 ನಿಮಿಷ ಬಿಸಿಲಲ್ಲಿಟ್ಟರೆ ಮೆತ್ತಗಾಗುತ್ತದೆ, ಉಳಿ ಜಾರುವುದಿಲ್ಲ. ಎಲೆಯ ನರಕ್ಕೆ ವಿ ಆಕಾರದ ಉಳಿ, ಬಯಲು ತೆಗೆಯಲು ಯು ಆಕಾರದ್ದು. ಹಾಳೆ ಹಿಡಿದ ಕೈ ಯಾವಾಗಲೂ ಉಳಿಯ ಹಿಂದಿರಲಿ. ಕೆತ್ತಿದ್ದು ಬಿಳಿ, ಉಳಿದದ್ದು ಕಪ್ಪು. ಹಾಗಾಗಿ ಕುಂಡದ ನೆರಳನ್ನು ಮುಟ್ಟಬೇಡಿ. ಚಿತ್ರಕ್ಕೆ ತೂಕ ಬರುವುದೇ ಅಲ್ಲಿಂದ. ಅಡಿಯ ಸೆಣಬಿನ ಬಟ್ಟೆ ಕಾಣುವಷ್ಟು ಆಳಕ್ಕೆ ಹೋಗಬಾರದು.

ಶಾಯಿಯನ್ನು ಗಾಜಿನ ಮೇಲೆ ರೋಲರಿನಿಂದ ತೆಳ್ಳಗೆ ಹರಡಿ. ಚರಚರ ಸದ್ದು ಬಂದರೆ ಹದ. ಪಿಚಪಿಚ ಎಂದರೆ ಹೆಚ್ಚಾಗಿದೆ, ಸಣ್ಣ ಗೆರೆಗಳೆಲ್ಲ ಮುಚ್ಚಿಹೋಗುತ್ತವೆ. ಅದೇ ರೋಲರಿನಿಂದ ಕೆತ್ತಿದ ಹಾಳೆಗೆ ಶಾಯಿ ಹಚ್ಚಿ, ಮೇಲೆ ಕಾಗದ ಹಾಸಿ, ಮರದ ಸೌಟಿನ ಬೆನ್ನಿನಿಂದ ನಡುವಿನಿಂದ ಅಂಚಿನತ್ತ ಉಜ್ಜಿ. ಒಂದು ಮೂಲೆ ಎತ್ತಿ ನೋಡಿ, ಮಾಸಲಾದಲ್ಲಿ ಮತ್ತೆ ಉಜ್ಜಿ.

ಆಟಿ ತಿಂಗಳ ಮಳೆಯಲ್ಲಿ ಎಣ್ಣೆಶಾಯಿ ಬೇಗ ಒಣಗದು. ಪೇರಿಸಿಟ್ಟರೆ ಒಂದಕ್ಕೊಂದು ಅಂಟುತ್ತವೆ, ಹಗ್ಗಕ್ಕೆ ತೂಗುಹಾಕಿ. ಹತ್ತರಲ್ಲಿ ಮೂರನೆಯ ಪ್ರತಿಯಾದರೆ ಕೆಳಗೆ ಪೆನ್ಸಿಲಿನಲ್ಲಿ ಎಡಕ್ಕೆ 3/10, ಬಲಕ್ಕೆ ಸಹಿ.