ಸೈಟಿನ ಹೊರಗೆ ಮೂರು ರಾತ್ರಿ

ಸೈಟು ಅಂದರೆ ನಮ್ಮ ಕಡೆ ಮೊದಲು ನೆನಪಾಗುವುದು 30-40. ಇಲ್ಲಿ ಇಂಗ್ಲೆಂಡಿನಲ್ಲಿ ಮೋಟರ್‌ಹೋಮ್, ಅಂದರೆ ಒಳಗೇ ಹಾಸಿಗೆ, ಒಲೆ ಇರುವ ಗಾಡಿ, ಇಟ್ಟುಕೊಂಡವರ ಬಾಯಲ್ಲಿ ಸೈಟ್ ಅಂದರೆ ಕ್ಯಾಂಪ್‌ಸೈಟ್. ಕರೆಂಟಿನ ಪಾಯಿಂಟು, ನಲ್ಲಿ, ಸ್ನಾನದ ಮನೆ, ಒಂದು ರಾತ್ರಿಗೆ ಇಷ್ಟು ಪೌಂಡ್. ಇದ್ಯಾವುದೂ ಇಲ್ಲದ ಕಡೆ ಗಾಡಿ ನಿಲ್ಲಿಸಿ ರಾತ್ರಿ ಕಳೆದರೆ ಅದು ಆಫ್‌ಸೈಟ್. 2021ರಲ್ಲಿ ಲಾಕ್‌ಡೌನ್ ಒಂದೊಂದೇ ಮೆಟ್ಟಿಲು ಸಡಿಲವಾಗುತ್ತಿದ್ದಾಗ ನಾವು ಹಾಗೆ ಮೂರು ರಾತ್ರಿ ಕಳೆದೆವು. ನಾನು, ನಮ್ಮನೆಯವರು, ಏಳು ವರ್ಷದ ಮಗಳು.

ದಾವಣಗೆರೆಯಿಂದ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ. "ಮನೆ ಇಟ್ಕಂಡು ರೋಡಲ್ಲಿ ಮಲಗೋದು ಯಾಕವ್ವಾ?"

ನಿಜ ಹೇಳಬೇಕೆಂದರೆ ಸೈಟುಗಳು ಸಿಗುತ್ತಿರಲಿಲ್ಲ. ವಿದೇಶ ಪ್ರವಾಸ ಬಂದ್ ಆಗಿದ್ದರಿಂದ ಇಡೀ ದೇಶ ದೇಶದೊಳಗೇ ರಜೆಗೆ ಹೊರಟಿತ್ತು. ರೈತರು ತಮ್ಮ ಹೊಲದಲ್ಲಿ ತಾತ್ಕಾಲಿಕ ಕ್ಯಾಂಪ್ ನಡೆಸುವುದಕ್ಕೆ ವರ್ಷಕ್ಕೆ 28 ದಿನ ಇದ್ದ ಅವಕಾಶವನ್ನು ಸರ್ಕಾರ 56 ದಿನಕ್ಕೆ ಏರಿಸಿತ್ತು. ಆದರೂ ಶನಿವಾರ ರಾತ್ರಿಗೆ ಜಾಗ ಕೇಳಿದರೆ ಫೋನಿನ ಆ ಕಡೆಯವರು ನಗುತ್ತಿದ್ದರು.

ಗಾಡಿ ತಗೊಂಡಿದ್ದು 2020ರ ಅಕ್ಟೋಬರಿನಲ್ಲಿ. 2008ರ ಫಿಯಾಟ್ ಡುಕಾಟೊ, ಸೆಕೆಂಡ್ ಹ್ಯಾಂಡ್. ನಾನು ಲೈಸೆನ್ಸ್ ಮಾಡಿಸಿದ್ದು ಇಲ್ಲಿಗೆ ಬಂದ ಮೇಲೆ. 1997ರ ಜನವರಿಯಿಂದ ಈಚೆಗೆ ಟೆಸ್ಟ್ ಪಾಸಾದವರು ಮಾಮೂಲಿ ಕಾರ್ ಲೈಸೆನ್ಸಿನಲ್ಲಿ 3,500 ಕೆಜಿ ತನಕದ ಡೀಸೆಲ್, ಪೆಟ್ರೋಲ್ ಗಾಡಿ ಮಾತ್ರ ಓಡಿಸಬಹುದು. ಖಾಲಿ ತೂಕ ಅಲ್ಲ, ಎಲ್ಲ ತುಂಬಿದ ಮೇಲೆ ಇರಬಹುದಾದ ಗರಿಷ್ಠ ತೂಕ. ನೀರು ತುಂಬಿ, ಅಕ್ಕಿ ಬೇಳೆ ಹಾಕಿ, ಮೂವರೂ ಕೂತು ಗಾಡಿ ತೂಗುವ ವೇಬ್ರಿಡ್ಜ್ ಮೇಲೆ ನಿಲ್ಲಿಸಿದರೆ 3,460, ಮಿತಿಗೆ ನಲವತ್ತೇ ಕೆಜಿ ಬಾಕಿ. ಹತ್ತು ಕೆಜಿ ಸೋನಾ ಮಸೂರಿ ಚೀಲ ಕೆಳಗಿಳಿಯಿತು. ಮಂಡಕ್ಕಿ ಉಳಿಯಿತು. ದಾವಣಗೆರೆಯವರಿಗೆ ಇಷ್ಟು ಹೇಳಿದರೆ ಸಾಕು: ಮಂಡಕ್ಕಿಗೆ ತೂಕವಿಲ್ಲ, ಬೇಯಿಸುವ ಗ್ಯಾಸ್ ಬೇಡ, ತೊಳೆಯಲು ಪಾತ್ರೆಯೂ ಜಾಸ್ತಿ ಇಲ್ಲ. ಮೋಟರ್‌ಹೋಮಿಗೆಂದೇ ಯಾರೋ ಕಂಡುಹಿಡಿದ ತಿಂಡಿ.

ಕೊಂಡ ತಿಂಗಳಿಗೇ ಮತ್ತೆ ಲಾಕ್‌ಡೌನ್. ಚಳಿಗಾಲವೆಲ್ಲ ಗಾಡಿ ಲೀಡ್ಸಿನ ನಮ್ಮ ಮನೆ ಮುಂದೆಯೇ ನಿಂತಿತ್ತು. ಮಗಳ ಕಾಟ ತಡೆಯಲಾರದೆ ಎರಡು ರಾತ್ರಿ ಅಲ್ಲೇ, ಮನೆಯ ಬಾಗಿಲಿಂದ ಹತ್ತು ಹೆಜ್ಜೆ ದೂರದಲ್ಲಿ ಮಲಗಿದೆವು. ಮನೆಯಿಂದ ವೈರ್ ಎಳೆದು ಕರೆಂಟ್ ಹೀಟರ್ ಹಾಕಿಕೊಂಡಿದ್ದೆವು. ಎಲ್ಲ ಪರೀಕ್ಷೆ ಮಾಡಿ ನೋಡಿದ್ದೇವೆ ಅಂತ ನನಗೆ ಜಂಬ. ಆ ವೈರೇ ನಮ್ಮನ್ನು ಕೆಡಿಸಿತು, ಗಾಡಿಯ ಗ್ಯಾಸ್ ಹೀಟರನ್ನು ಹಚ್ಚಿ ನೋಡಲೇ ಇಲ್ಲ. ನೀವೂ ಮನೆ ಮುಂದೆ ಮಲಗಿ ಕಲಿಯುವುದಾದರೆ ವೈರ್ ಕಿತ್ತು ಮಲಗಿ.

ಏಪ್ರಿಲ್ 12ಕ್ಕೆ ಇಂಗ್ಲೆಂಡಿನಲ್ಲಿ ಮನೆ ಬಿಟ್ಟು ಹೊರಗೆ ರಾತ್ರಿ ತಂಗಬಹುದು ಅಂತಾಯಿತು. ಒಂದೇ ಮನೆಯವರು, ತಮ್ಮದೇ ಟಾಯ್ಲೆಟ್ಟು, ತಮ್ಮದೇ ಅಡುಗೆ ಇರಬೇಕು. 17ನೇ ತಾರೀಕು ಶನಿವಾರ ಯಾರ್ಕ್‌ಶೈರ್ ಡೇಲ್ಸ್‌ನ ಒಂದು ಪಬ್ಬಿನ ಹಿಂದೆ ನಿಲ್ಲಿಸಿದೆವು. ಇದು ಇಲ್ಲಿನ ಹಳೇ ಪದ್ಧತಿ. ಮೊದಲೇ ಫೋನ್ ಮಾಡಿ ಕೇಳಬೇಕು. ರಾತ್ರಿ ಊಟ ಅಲ್ಲೇ ಮಾಡಿದರೆ ಕಾರ್ ಪಾರ್ಕಿನಲ್ಲಿ ಮಲಗಲು ಬಿಡುತ್ತಾರೆ. ಕೇಳದೆ ನಿಲ್ಲಿಸಿಕೊಳ್ಳುವ ಹಕ್ಕು ಅಂತ ಏನೂ ಇಲ್ಲ, ಇಲ್ಲಿ ಪ್ರತಿ ಗೇಣು ನೆಲಕ್ಕೂ ಒಬ್ಬ ಯಜಮಾನ ಇದ್ದಾನೆ.

ಪಬ್ಬಿನ ಒಳಗೆ ಕೂರುವಂತಿರಲಿಲ್ಲ, ಹೊರಗಿನ ಬೆಂಚಿನಲ್ಲಿ ಮಾತ್ರ. ಮಂಕಿ ಕ್ಯಾಪ್ ಹಾಕಿಕೊಂಡು ಚಿಪ್ಸ್ ತಿಂದೆವು. ಅರ್ಧ ತಿನ್ನುವಷ್ಟರಲ್ಲಿ ಅವು ತಣ್ಣಗಾಗಿದ್ದವು. ಸುತ್ತಲೂ ಜನ ಕೋಟು ಹೊದ್ದುಕೊಂಡು, ಮೂಗು ಕೆಂಪಗೆ ಮಾಡಿಕೊಂಡು ಹಬ್ಬದ ಥರ ನಗುತ್ತಿದ್ದರು. ನಮ್ಮನೆಯವರು ಒಂದು ಪೈಂಟ್ ಬಿಯರ್ ಕುಡಿದರು, ಕೀಲಿ ನನ್ನ ಜೇಬಿನಲ್ಲಿ. ಈ ಕೀಲಿಯ ವಿಷಯ ತಿಳಿದಿರಲಿ. ಕುಡಿದು ಗಾಡಿ ಓಡಿಸದಿದ್ದರೂ, ಗಾಡಿ ನಿಮ್ಮ ಸುಪರ್ದಿಯಲ್ಲಿದ್ದರೆ ಕೇಸ್ ಆಗಬಹುದು. ಹಿಂದಿನ ಸೀಟಿನಲ್ಲಿ ಗೊರಕೆ ಹೊಡೆಯುತ್ತಿದ್ದರೂ ಅಷ್ಟೇ.

ರಾತ್ರಿ ಮೂರಕ್ಕೆ ಎಚ್ಚರವಾಯಿತು. ಮೂಗಿನ ತುದಿ ಮರಗಟ್ಟಿತ್ತು. ಗ್ಯಾಸ್ ಹೀಟರ್ ಆರಿಹೋಗಿದೆ. ಮತ್ತೆ ಹಚ್ಚಿದರೆ ಟಿಕ್ ಟಿಕ್ ಅನ್ನುತ್ತದೆ, ಹತ್ತುವುದಿಲ್ಲ. ಹೊರಗೆ ಹೋಗಿ ಸಿಲಿಂಡರ್ ಅಲ್ಲಾಡಿಸಿದೆ, ಒಳಗೆ ಗ್ಯಾಸ್ ಕುಲುಕುವುದು ಕೈಗೆ ಗೊತ್ತಾಗುತ್ತಿದೆ. ಗ್ಯಾಸ್ ಇದೆ, ಬರುತ್ತಿಲ್ಲ.

ಸಿಲಿಂಡರಿನ ಬಣ್ಣ ನೀಲಿ. ಇಲ್ಲಿ ನೀಲಿ ಅಂದರೆ ಸಾಮಾನ್ಯವಾಗಿ ಬ್ಯೂಟೇನ್. ಸುಮಾರು ಸೊನ್ನೆ ಡಿಗ್ರಿಗೆ ಬಂದರೆ ಅದು ಆವಿಯಾಗುವುದನ್ನೇ ನಿಲ್ಲಿಸುತ್ತದೆ, ತಳದಲ್ಲಿ ದ್ರವವಾಗಿಯೇ ಕೂರುತ್ತದೆ. ಇಲ್ಲಿನ ಕೆಂಪು ಸಿಲಿಂಡರಿನಲ್ಲಿರುವುದು ಪ್ರೊಪೇನ್. ಅದು ಮೈನಸ್ 42ರ ತನಕವೂ ಆವಿಯಾಗುತ್ತದೆ. ಆ ಏಪ್ರಿಲ್ ಬ್ರಿಟನ್ನಿನಲ್ಲಿ ರಾತ್ರಿ ಹೊತ್ತು ಇಬ್ಬನಿಯೂ ಹೆಪ್ಪುಗಟ್ಟುವಷ್ಟು ಚಳಿಯಿದ್ದ ತಿಂಗಳು. ಬೆಳಿಗ್ಗೆ ನೋಡಿದರೆ ವಿಂಡ್‌ಸ್ಕ್ರೀನ್ ಮೇಲೆ ಬೆಳ್ಳಗೆ ಪದರ ಕಟ್ಟಿತ್ತು.

"ಒಲೆ ಹಚ್ಚಿ ಇಡೋಣವಾ, ಸ್ವಲ್ಪ ಬೆಚ್ಚಗಾಗುತ್ತೆ" ಅಂದರು ನಮ್ಮನೆಯವರು. ಅದೇ ಗ್ಯಾಸ್ ಅಲ್ವಾ, ಒಲೆಗೆ ಎಲ್ಲಿಂದ ಬರಬೇಕು! ಬಂದಿದ್ದರೂ ಹಚ್ಚಲು ಬಿಡುತ್ತಿರಲಿಲ್ಲ. ಮುಚ್ಚಿದ ಗಾಡಿಯಲ್ಲಿ ಕಾವಿಗೆಂದು ಒಲೆ ಉರಿಸಿ ಮಲಗಿದವರು ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಗಾಳಿ ಕುಡಿದು ಏಳದೇ ಹೋದ ಕಥೆಗಳು ಬೇಕಾದಷ್ಟಿವೆ. ಅದರ ಅಲಾರ್ಮ್ ಒಂದು ಹಾಸಿಗೆಯ ಪಕ್ಕ ಇರಲೇಬೇಕು. ಪಬ್ಬಿನವರ ನಿದ್ದೆ ಕೆಡಿಸಿ ಇಂಜಿನ್ ಶುರು ಮಾಡುವ ಮನಸ್ಸಾಗಲಿಲ್ಲ. ಎರಡು ರಜಾಯಿ, ಊರಿಂದ ತಂದ ಚಳ್ಳಕೆರೆ ಕಂಬಳಿ, ನಡುವೆ ಮಗಳು. ಹಾಗೇ ಬೆಳಗು ಮಾಡಿದೆವು. ಮುಂದಿನ ವಾರ ಕೆಂಪು ಸಿಲಿಂಡರ್ ಬಂತು. ನಮ್ಮ ಗಾಡಿಗೆ ರೆಗ್ಯುಲೇಟರ್ ಅದೇ ಸಾಕು, ಪೈಪ್ ಮಾತ್ರ ಬದಲಾಯಿಸಿದ್ದು.

ಪಬ್ಬಿನ ಆ ರಾತ್ರಿಯಾದ ಆರೇ ದಿನಕ್ಕೆ, ಏಪ್ರಿಲ್ 23ಕ್ಕೆ, ಭಾರತ ಇಲ್ಲಿನ ಕೆಂಪು ಪಟ್ಟಿಗೆ ಸೇರಿತು. ಊರಿಗೆ ಹೋಗಿ ಬಂದರೆ ಹತ್ತು ದಿನ ಹೋಟೆಲ್ ಕ್ವಾರಂಟೈನ್. 27ರ ರಾತ್ರಿ ಕರ್ನಾಟಕವೂ ಬಂದ್ ಆಯಿತು. ಇಲ್ಲಿ ಬಾಗಿಲು ತೆರೆಯುತ್ತಿದ್ದಾಗಲೇ ಅಲ್ಲಿ ಮುಚ್ಚುತ್ತಿತ್ತು. ಮೇ ತಿಂಗಳ ಮಧ್ಯೆ ಚಿಕ್ಕಪ್ಪನಿಗೆ ಕೋವಿಡ್ ಪಾಸಿಟಿವ್ ಬಂತು. ಆಸ್ಪತ್ರೆಯಲ್ಲಿ ಬೆಡ್ ಇಲ್ಲ, ಮನೆಯಲ್ಲೇ ಇದ್ದರು. ದಿನಾ ಬೆಳಿಗ್ಗೆ ಅಮ್ಮ ಅವರ ಬೆರಳಿಗೆ ಆಕ್ಸಿಮೀಟರ್ ಹಾಕಿ ನಂಬರ್ ಹೇಳುತ್ತಿದ್ದಳು. 93. 92. 94. ಪ್ರವಾಸ ಬೇಡ ಅಂದೆ. "ನೀ ಅಲ್ಲಿ ಕೂತ್ರೆ ಇಲ್ಲಿ ನಂಬರ್ ಏರುತ್ತಾ? ಹೋಗ್ಬಾ, ಹುಡುಗಿ ಒಂದ್ ವರ್ಷದಿಂದ ಮನೇಲೇ ಐತೆ" ಅಂದಳು ಅಮ್ಮ.

ಹೀಗಾಗಿ ನಮ್ಮ ಎರಡನೇ ಪ್ರವಾಸಕ್ಕೆ ಯಾವ ಪುಸ್ತಕದಲ್ಲೂ ಇಲ್ಲದ ಒಂದು ನಿಯಮ ಸೇರಿಕೊಂಡಿತು. ರಾತ್ರಿ ನಿಲ್ಲಿಸುವ ಕಡೆ ಫೋನಿಗೆ ಸಿಗ್ನಲ್ ಇರಬೇಕು.

ಮೇ 28ರ ಶುಕ್ರವಾರ ಸ್ಕಾಟ್ಲೆಂಡಿನ ಗ್ಯಾಲೊವೇ ಕಡೆ ಹೊರಟೆವು. ಇಂಗ್ಲೆಂಡಿನಿಂದ ಸ್ಕಾಟ್ಲೆಂಡಿಗೆ ಪ್ರವಾಸ ಹೋಗಬಹುದು ಅಂತ ಆಗಿ ಒಂದು ತಿಂಗಳಾಗಿತ್ತು. ಗ್ಲಾಸ್ಗೋಗೆ ಮಾತ್ರ ಆಗಲೂ ಹೋಗುವಂತಿರಲಿಲ್ಲ. ಹೋಗುವ ಹಿಂದಿನ ರಾತ್ರಿ ಊರೂರಿನ ನಿಯಮ ಓದುವುದೇ ಒಂದು ಕೆಲಸ. ಸ್ಕಾಟ್ಲೆಂಡಿನಲ್ಲಿ ಎಲ್ಲಿ ಬೇಕಾದರೂ ಮಲಗಬಹುದು ಅಂತ ನಮ್ಮವರು ತುಂಬಾ ಜನ ಹೇಳುತ್ತಾರೆ. ಆ 2003ರ ಕಾನೂನು ನಡೆದು ಹೋಗುವವರಿಗೆ, ಸೈಕಲ್‌ನವರಿಗೆ, ಟೆಂಟಿನವರಿಗೆ. ಮೋಟಾರು ಗಾಡಿಗೆ ಆ ಹಕ್ಕಿಲ್ಲ.

ಮೊದಲ ರಾತ್ರಿ ಕಾಡಿನ ಒಂದು ಕಾರ್ ಪಾರ್ಕ್. ಅರಣ್ಯದವರು ಪ್ರಯೋಗಕ್ಕೆಂದು ತಮ್ಮ ಕೆಲವು ಕಾರ್ ಪಾರ್ಕುಗಳಲ್ಲಿ ಮೋಟರ್‌ಹೋಮಿನವರಿಗೆ ಒಂದು ರಾತ್ರಿ ನಿಲ್ಲಲು ಬಿಟ್ಟಿದ್ದರು. ಸಂಜೆ ಆರರ ಮೇಲೆ ಬಂದು ಬೆಳಿಗ್ಗೆ ಹತ್ತರೊಳಗೆ ಹೊರಡಬೇಕು. ಗಾಡಿಯೊಳಗೇ ಟಾಯ್ಲೆಟ್ ಇರಬೇಕು. ಬೆಂಕಿ ಹಾಕುವಂತಿಲ್ಲ, ಹೊರಗೆ ಕುರ್ಚಿ ಮೇಜು ಹರಡುವಂತಿಲ್ಲ. ನಮ್ಮ ಜೊತೆ ಇನ್ನೂ ಮೂರು ಗಾಡಿ. ರಾತ್ರಿ ಹತ್ತಾದರೂ ಆಕಾಶ ಬೆಳ್ಳಗಿತ್ತು. ಸೊಳ್ಳೆಯ ತಮ್ಮನಂಥ ಮಿಡ್ಜ್ ಹುಳ ಕಿಟಕಿಗೆ ಮುತ್ತಿಕೊಂಡಿದ್ದರಿಂದ ಬಾಗಿಲು ತೆಗೆಯಲೂ ಆಗಲಿಲ್ಲ. ಸಿಗ್ನಲ್ ಇಲ್ಲ. ಬೆಳಗಿನ ಜಾವ ಐದಕ್ಕೇ ಗಾಡಿ ತೆಗೆದು ಎಂಟು ಮೈಲಿ ವಾಪಸ್ ಬಂದು ರಸ್ತೆ ಬದಿ ನಿಂತು ಫೋನ್ ಮಾಡಿದೆ. 94.

ಗಾಡಿಯ ಒಳಗೂ ನನಗೆ ನೋಡಲು ಇನ್ನೊಂದು ನಂಬರ್ ಇತ್ತು. ಒಳಗಿನ ಲೈಟು, ನೀರಿನ ಪಂಪು, ಹೀಟರಿನ ಫ್ಯಾನು ಎಲ್ಲ ಓಡುವುದು ಬೇರೆ ಒಂದು 12 ವೋಲ್ಟ್ ಬ್ಯಾಟರಿಯಿಂದ. ತುಂಬಿದಾಗ 12.7 ತೋರಿಸುತ್ತದೆ. 12.2ಕ್ಕಿಂತ ಇಳಿಯಲು ಬಿಟ್ಟರೆ ಬ್ಯಾಟರಿ ಬೇಗ ಸಾಯುತ್ತದೆ. ಮಿಕ್ಸಿಯನ್ನು ಮರೆತುಬಿಡಿ, ಚಟ್ನಿಪುಡಿಯೇ ಗತಿ. ನೀರು 70 ಲೀಟರ್. ನಮ್ಮ ಮೂವರಿಗೆ ಎರಡು ದಿನ ಬಂತು, ಅದೂ ಸಾರಿನ ಪಾತ್ರೆಯನ್ನು ಮೊದಲು ಪೇಪರಿನಲ್ಲಿ ಒರೆಸಿ ಆಮೇಲೆ ತೊಳೆದದ್ದಕ್ಕೆ. ಒರೆಸದೆ ತೊಳೆದರೆ ಕೊಳೆ ನೀರಿನ ಟ್ಯಾಂಕಿನಿಂದ ಮೂರನೇ ದಿನ ಹುಳಿಸಿದ ಸಾಂಬಾರಿನ ವಾಸನೆ. ಟಾಯ್ಲೆಟ್ ಡಬ್ಬಿ 18 ಲೀಟರು, ಎರಡು ದಿನಕ್ಕೆ ಭರ್ತಿ. ಚಂದದ ಜಾಗ ಸಿಕ್ಕಿತು ಅಂತ ವಾರಗಟ್ಟಲೆ ಕೂರಲು ಆಗುವುದಿಲ್ಲ. ಡಬ್ಬಿ ಎಬ್ಬಿಸಿ ಕಳಿಸುತ್ತದೆ.

ಶನಿವಾರ ಬಿಸಿಲೋ ಬಿಸಿಲು. ಸೋಮವಾರವೂ ರಜೆ. ರಸ್ತೆ ತುಂಬಾ ಗಾಡಿ. ಸಂಜೆ ಲೂಸ್ ಕೊಲ್ಲಿಯ ಪಕ್ಕದ ರಸ್ತೆಯಲ್ಲಿ ಸಮುದ್ರಕ್ಕೆ ಮುಖ ಮಾಡಿದ ಒಂದು ಖಾಲಿ ಜಾಗ ಸಿಕ್ಕಿತು. ಮಲಗಬಾರದು ಅಂತ ಬೋರ್ಡು ಇರಲಿಲ್ಲ. ಫೋನಿಗೂ ಎರಡು ಕಡ್ಡಿ ಸಿಗ್ನಲ್. ಯಾರನ್ನೂ ಕೇಳಲಿಲ್ಲ, ಕೇಳಲು ಯಾರೂ ಕಾಣಲೂ ಇಲ್ಲ. ಕುಕ್ಕರ್ ಇಟ್ಟೆ.

ಮೂರನೇ ವಿಷಲ್ ಆದ ಮೇಲೆ ಕಿಟಕಿ ತಟ್ಟಿದ ಸದ್ದು. ಎಪ್ಪತ್ತರ ಮೇಲಿನ ಅಜ್ಜ, ಜೊತೆಗೆ ನಾಯಿ. ತಟ್ಟಿದವರೇ ಹಿಂದೆ ಸರಿದು ದೂರ ನಿಂತರು. "ನಿಮ್ಮ ಗಾಡಿಯಲ್ಲಿ ಏನೋ ಸಿಡಿಯುವ ಹಾಗಿದೆ" ಅಂದರು. ಅನ್ನ ಮಾಡುತ್ತಿದ್ದೇನೆ ಅಂದೆ. ಅವರಿಗೆ ನಗು ಬರಲಿಲ್ಲ. ಹೋದ ಬೇಸಿಗೆಯಲ್ಲಿ ಹೀಗೇ ನಿಲ್ಲಿಸಿದವರು ಬೆಳಿಗ್ಗೆ ಟಾಯ್ಲೆಟ್ ಡಬ್ಬಿಯನ್ನು ಅವರ ಗೇಟಿನ ಹಿಂದೆ ಸುರಿದು ಹೋಗಿದ್ದರಂತೆ. ಊರಲ್ಲಿರುವುದು ಹೆಚ್ಚಾಗಿ ವಯಸ್ಸಾದವರು, ಅಂಗಡಿ ಒಂದೇ. ಒಂದು ವರ್ಷ ಬಾಗಿಲು ಹಾಕಿಕೊಂಡು ಕೂತಿದ್ದೇವೆ, ಈಗ ಇಡೀ ದೇಶ ಬಂದು ನಮ್ಮ ಮುಂದೆ ನಿಂತಿದೆ ಅಂದರು.

ನನಗೆ ಮೊದಲು ಸಿಟ್ಟೇ ಬಂತು. ನಮ್ಮದು ಒಳಗೇ ಇದೆ, ನಾವು ಅಂಥವರಲ್ಲ ಅಂತ ವಾದ ಶುರು ಮಾಡಿದೆ. ಆಮೇಲೆ ಅಮ್ಮನ ಬೀದಿ ನೆನಪಾಯಿತು. ಬೆಂಗಳೂರಿನ ನಂಬರ್ ಪ್ಲೇಟಿನ ಕಾರು ಬಂದು ನಿಂತರೆ ಆಗ ಅವಳೂ ಕಿಟಕಿ ಹಾಕುತ್ತಿದ್ದಳು. "ಹೋಗ್ತೀವಿ ಅಜ್ಜಾ" ಅಂತ ಕನ್ನಡದಲ್ಲೇ ಬಾಯಿಗೆ ಬಂತು, ಆಮೇಲೆ ಇಂಗ್ಲಿಷಿನಲ್ಲಿ ಹೇಳಿದೆ. ಎಲ್ಲಿಗೆ ಅಂತ ಕೇಳಿದರು. ಗೊತ್ತಿಲ್ಲ, ಸಿಗ್ನಲ್ ಇರುವ ಕಡೆ ಅಂದೆ. ಯಾಕೆ ಅಂದರು. ಚಿಕ್ಕಪ್ಪನ ವಿಷಯ ಹೇಳಿದೆ. ಟೀವಿಯಲ್ಲಿ ಭಾರತದ ಸುದ್ದಿ ಅವರೂ ನೋಡಿದ್ದರು. ಸ್ವಲ್ಪ ಹೊತ್ತು ನಾಯಿಯ ಬೆನ್ನು ಸವರುತ್ತಾ ನಿಂತರು. ಆಮೇಲೆ ಕೋಲಿನಿಂದ ರಸ್ತೆ ತೋರಿಸಿದರು. ಎರಡು ಮೈಲಿ ಮುಂದೆ ಊರಿನ ಸಮುದಾಯ ಭವನ ಇದೆ, ಅದರ ಹಿಂದೆ ನಿಲ್ಲಿಸಿ, ಹತ್ತು ಪೌಂಡ್ ಗೋಡೆಯ ಡಬ್ಬಿಗೆ ಹಾಕಿ. ಕಮಿಟಿಯಲ್ಲಿ ತಾನೂ ಇದ್ದೇನೆ, ಯಾರಾದರೂ ಕೇಳಿದರೆ ನಾನೇ ಕಳಿಸಿದ್ದು ಅಂತ ಹೇಳಿ ಅಂದರು.

ಬಿಸಿ ಕುಕ್ಕರನ್ನು ಸಿಂಕಿನಲ್ಲಿ ಟವೆಲ್ ಸುತ್ತಿ ಕೂರಿಸಿಕೊಂಡು ಹೊರಟೆವು. ಭವನದ ಹಿಂದೆ ಸಮುದ್ರ ಕಾಣುವುದಿಲ್ಲ, ಎದುರಿಗೆ ಹಸಿರು ಕಸದ ಡಬ್ಬಗಳು. ಜಾಗ ಮಾತ್ರ ಕೇರಂ ಬೋರ್ಡಿನಷ್ಟು ಸಮತಟ್ಟು. ಅನ್ನ ಸಾರು ಉಂಡು ಮಲಗಿದವರು ಆ ರಾತ್ರಿ ಒಂದು ಸಲವೂ ಏಳಲಿಲ್ಲ. ಮೂರು ರಾತ್ರಿಗಳಲ್ಲಿ ನಾನು ನಿಜವಾಗಿ ನಿದ್ದೆ ಮಾಡಿದ ರಾತ್ರಿ ಅದೊಂದೇ.

ಬೆಳಿಗ್ಗೆ ಐದೂವರೆ, ಊರಲ್ಲಿ ಹತ್ತು ಗಂಟೆ. ಸಿಗ್ನಲ್ ಸಿಕ್ಕಿದ್ದು ಕಸದ ಡಬ್ಬಗಳ ಪಕ್ಕದ ಮೂಲೆಯಲ್ಲಿ ಮಾತ್ರ. ಚಪ್ಪಲಿ ಮೆಟ್ಟಿಕೊಂಡು ಕಂಬಳಿ ಹೊದ್ದುಕೊಂಡು ಅಲ್ಲಿ ನಿಂತೆ.

"96" ಅಂದಳು ಅಮ್ಮ. "ಎರಡು ಸಲ ನೋಡಿದೆ. ಬೆಳಿಗ್ಗೆ ಎರಡು ಇಡ್ಲಿ ತಿಂದಾನೆ." ಆಮೇಲೆ ವೀಡಿಯೋದಲ್ಲಿ ಹಿಂದಿನ ಡಬ್ಬಗಳನ್ನು ನೋಡಿ, "ಅಯ್ಯೋ, ಎಲ್ಲಿ ಮಲಗಿದ್ರವ್ವಾ ನೀವು?" ಅಂದಳು.